ಅರ್ಧ ಖಾಲಿಯಾದ ಟೂತ್‌ಪೇಸ್ಟ್ ವಿಮಾನ ಹತ್ತುವುದಿಲ್ಲವೇಕೆ? 100 ಮಿ.ಲೀ. ನಿಯಮದ ಹಿಂದಿನ ಕಥೆ

ನನ್ನ ಚಿಕ್ಕಮ್ಮ ಮೊದಲ ಬಾರಿಗೆ ವಿದೇಶಕ್ಕೆ ಹೊರಟದ್ದು ಮಗಳ ಬಾಣಂತನಕ್ಕೆ, ದುಬೈಗೆ. ದೊಡ್ಡ ಸೂಟ್‌ಕೇಸಿನಲ್ಲಿಟ್ಟರೆ ಒಡೆದು ಸೋರೀತು ಎಂಬ ಭಯಕ್ಕೆ ಮನೆಯಲ್ಲೇ ಕಾಸಿದ ತುಪ್ಪದ ಡಬ್ಬಿಯನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದರು. ಭದ್ರತಾ ತಪಾಸಣೆಯಲ್ಲಿ ಡಬ್ಬಿ ಹೊರಬಂತು. "ಲಿಕ್ವಿಡ್ ನಾಟ್ ಅಲೋಡ್" ಎಂದರು. ಇದು ಲಿಕ್ವಿಡ್ ಅಲ್ಲ, ಗಟ್ಟಿ ತುಪ್ಪ ಎಂದು ಚಿಕ್ಕಮ್ಮ ವಾದಿಸಿದರು. ಬೇಕಾದರೆ ಒಂದು ಚಮಚ ತಿಂದು ತೋರಿಸುತ್ತೇನೆ ಎಂದೂ ಹೇಳಿದರು. ಕೊನೆಗೆ ಡಬ್ಬಿ ಕಸದ ಬುಟ್ಟಿಗೆ ಹೋಯಿತು. ಯಾಕೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ಇವತ್ತಿಗೂ ಅವರ ಲೆಕ್ಕದಲ್ಲಿ ಅದು ಒಂದು ಸಣ್ಣ ಅವಮಾನ.

ಇದೇ ಪ್ರಶ್ನೆ ಬಹಳ ಜನರಿಗಿದೆ. 200 ಮಿ.ಲೀ. ಟ್ಯೂಬಿನಲ್ಲಿ ಬೆರಳಿನಷ್ಟು ಪೇಸ್ಟ್ ಉಳಿದಿದ್ದರೂ ಯಾಕೆ ಬೇಡ? ಸೀಲ್ ಒಡೆಯದ ನೀರಿನ ಬಾಟಲಿ ಯಾಕೆ ಬೇಡ? ಅದೇ ನೀರು ಒಳಗಿನ ಅಂಗಡಿಯಲ್ಲಿ ದುಪ್ಪಟ್ಟು ಬೆಲೆಗೆ ಸಿಗುತ್ತದಲ್ಲ? ಸರಿಯಾದ ಉತ್ತರ ಸಿಗದೆ ಜನ ತಾವೇ ಉತ್ತರ ಕಟ್ಟಿಕೊಂಡಿದ್ದಾರೆ. ಮೇಲೆ ಹೋದಾಗ ಗಾಳಿಯ ಒತ್ತಡಕ್ಕೆ ಬಾಟಲಿ ಸಿಡಿಯುತ್ತದೆ ಎನ್ನುವುದು ಒಂದು ಉತ್ತರ. ನೀರು ಮಾರುವವರ ಲಾಬಿ ಎನ್ನುವುದು ಇನ್ನೊಂದು. ಮೊದಲನೆಯದು ಖಂಡಿತ ತಪ್ಪು. ವಿಮಾನದೊಳಗಿನ ಗಾಳಿಯ ಒತ್ತಡವನ್ನು ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಕಾಯ್ದುಕೊಂಡಿರುತ್ತಾರೆ. ಅಂದರೆ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯಿಂದ ಊಟಿಯ ದೊಡ್ಡಬೆಟ್ಟದವರೆಗಿನ ಎತ್ತರ. ಅಲ್ಲಿ ಶ್ಯಾಂಪೂ ಬಾಟಲಿ ಸ್ವಲ್ಪ ಸೋರಬಹುದು, ಸಿಡಿಯುವುದಿಲ್ಲ. ಎರಡನೆಯದರ ವಿಷಯ ಬೇರೆ. ನಿಯಮದಿಂದ ಅಂಗಡಿಗಳಿಗೆ ಲಾಭವಾಗಿದ್ದು ನಿಜ, ಆದರೆ ನಿಯಮ ಹುಟ್ಟಿದ್ದು ಅದಕ್ಕಲ್ಲ.

ಅದು ಹುಟ್ಟಿದ್ದು ಒಂದು ಯಂತ್ರದ ಕುರುಡುತನದಿಂದ. ಇದೊಂದು ವಿಷಯ ತಿಳಿದರೆ ನಿಯಮದ ಅರ್ಧಕ್ಕರ್ಧ ವಿಚಿತ್ರಗಳು ಅರ್ಥವಾಗುತ್ತವೆ.

2006ರ ಆಗಸ್ಟ್

2006ರ ಆಗಸ್ಟ್ 10ರಂದು ಬ್ರಿಟನ್ನಿನ ಪೊಲೀಸರು ಒಂದು ದೊಡ್ಡ ಸಂಚನ್ನು ಬಯಲು ಮಾಡಿದರು. ಲಂಡನ್ನಿನ ಹೀಥ್ರೂ ನಿಲ್ದಾಣದಿಂದ ಅಮೆರಿಕ ಮತ್ತು ಕೆನಡಾಕ್ಕೆ ಹೋಗುವ ಹಲವು ವಿಮಾನಗಳನ್ನು ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಿಸುವ ಯೋಜನೆ ಅದು. ಬಳಸಬೇಕೆಂದಿದ್ದದ್ದು ಹೈಡ್ರೋಜನ್ ಪೆರಾಕ್ಸೈಡ್ ಆಧಾರಿತ ದ್ರವ ಸ್ಫೋಟಕ. ಅದನ್ನು ಅಂಗಡಿಯಲ್ಲಿ ಸಿಗುವ ಮಾಮೂಲಿ ತಂಪು ಪಾನೀಯದ ಬಾಟಲಿಗಳಲ್ಲಿ, ಮುಚ್ಚಳದ ಸೀಲ್ ಒಡೆಯದ ಹಾಗೆ ತುಂಬುವ ಉದ್ದೇಶವಿತ್ತು. ಸೀಲ್ ಇರುವ ನೀರಿನ ಬಾಟಲಿಯನ್ನೂ ಯಾಕೆ ಬಿಡುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಸೀಲ್ ಏನನ್ನೂ ಸಾಬೀತು ಮಾಡುವುದಿಲ್ಲ.

ಈ ಪ್ರಕರಣದಲ್ಲಿ ಮೊದಲ ವಿಚಾರಣೆಯಲ್ಲಿ ವಿಮಾನ ಸ್ಫೋಟದ ಆರೋಪದ ಮೇಲೆ ಜ್ಯೂರಿ ಯಾರನ್ನೂ ಅಪರಾಧಿ ಎನ್ನಲಿಲ್ಲ. ಮರುವಿಚಾರಣೆಯಾಗಿ 2009ರ ಸೆಪ್ಟೆಂಬರಿನಲ್ಲಿ ಮೂವರ ಮೇಲಿನ ಆ ಆರೋಪ ಸಾಬೀತಾಯಿತು.

ಆ ಆಗಸ್ಟಿನಲ್ಲಿ ಬ್ರಿಟನ್ನಿನ ನಿಲ್ದಾಣಗಳು ಕೈಚೀಲವನ್ನೇ ಹೆಚ್ಚುಕಡಿಮೆ ನಿಷೇಧಿಸಿದವು. ಪಾಸ್‌ಪೋರ್ಟ್, ಪರ್ಸು, ಅಗತ್ಯ ಔಷಧ ಇಂಥವನ್ನು ಮಾತ್ರ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಬಹುದಿತ್ತು. ಮಗುವಿನ ಹಾಲು ಒಯ್ಯುವ ತಾಯಂದಿರು ಅದನ್ನು ಸಿಬ್ಬಂದಿಯ ಎದುರು ಕುಡಿದು ತೋರಿಸಬೇಕಿತ್ತು. ನನ್ನ ಚಿಕ್ಕಮ್ಮನಿಗೆ ಹೊಳೆದ ಉಪಾಯ ಒಂದು ಕಾಲಕ್ಕೆ ಅಧಿಕೃತ ಪರೀಕ್ಷೆಯೇ ಆಗಿತ್ತು!

ಇಂಥ ಸಂಪೂರ್ಣ ನಿಷೇಧ ಹೆಚ್ಚು ದಿನ ನಡೆಯುವಂಥದ್ದಲ್ಲ. ಸೆಪ್ಟೆಂಬರ್ ಕೊನೆಗೆ ಅಮೆರಿಕ ಸಣ್ಣ ಬಾಟಲಿಗಳಿಗೆ ಅವಕಾಶ ಕೊಟ್ಟಿತು. ನವೆಂಬರ್ 6ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಇಂದು ನಮಗೆ ಗೊತ್ತಿರುವ ರೂಪ ಬಂತು. ಒಂದೊಂದು ಬಾಟಲಿಯೂ 100 ಮಿ.ಲೀ. ಮೀರಬಾರದು, ಎಲ್ಲವೂ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು. ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇದನ್ನೇ 2007ರ ಮಾರ್ಚ್ 1ರೊಳಗೆ ಜಾರಿಗೆ ತನ್ನಿ ಎಂದು ಎಲ್ಲ ದೇಶಗಳಿಗೆ ಶಿಫಾರಸು ಮಾಡಿತು. ಭಾರತದ ಅಂತರರಾಷ್ಟ್ರೀಯ ಪ್ರಯಾಣಿಕರಿಗೂ ಹೀಗೆ ನಿಯಮ ಬಂತು. ನಮ್ಮಲ್ಲಿ ನಿಯಮ ಮಾಡುವುದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ. ದೊಡ್ಡ ನಿಲ್ದಾಣಗಳಲ್ಲಿ ಬಾಟಲಿ ಎತ್ತಿ ಹಿಡಿದು ಬೇಡ ಎನ್ನುವುದು ಹೆಚ್ಚಾಗಿ ಸಿಐಎಸ್‌ಎಫ್ ಸಿಬ್ಬಂದಿ. ಬೈಸಿಕೊಳ್ಳುವವರೂ ಅವರೇ.

ದ್ರವ ಸ್ಫೋಟಕದ ಅಪಾಯ ಮಾತ್ರ 2006ರಲ್ಲಿ ಹೊಸದಾಗಿ ಗೊತ್ತಾದದ್ದಲ್ಲ. 1987ರ ನವೆಂಬರ್ 29ರಂದು ಕೊರಿಯನ್ ಏರ್‌ನ 858ನೇ ವಿಮಾನ ಅಂಡಮಾನ್ ಸಮುದ್ರದ ಮೇಲೆ ಸ್ಫೋಟಗೊಂಡು 115 ಜನ ಸತ್ತರು. ಉತ್ತರ ಕೊರಿಯಾದ ಏಜೆಂಟರು ರೇಡಿಯೋದಲ್ಲಿ ಇಟ್ಟ ಬಾಂಬಿನ ಜೊತೆಗೆ ಮದ್ಯದ ಬಾಟಲಿಯಲ್ಲಿ ದ್ರವ ಸ್ಫೋಟಕವನ್ನೂ ಬಿಟ್ಟುಹೋಗಿದ್ದರು. 1994ರ ಡಿಸೆಂಬರ್ 11ರಂದು ಫಿಲಿಪೀನ್ ಏರ್‌ಲೈನ್ಸಿನ 434ನೇ ವಿಮಾನದಲ್ಲಿ ರಮ್ಜಿ ಯೂಸೆಫ್ ಎಂಬಾತ ಕಾಂಟ್ಯಾಕ್ಟ್ ಲೆನ್ಸ್ ದ್ರಾವಣದ ಬಾಟಲಿಯಲ್ಲಿ ದ್ರವ ಸ್ಫೋಟಕ ಸಾಗಿಸಿ ಸೀಟಿನ ಕೆಳಗೆ ಬಾಂಬಿಟ್ಟಿದ್ದ. ಒಬ್ಬ ಪ್ರಯಾಣಿಕ ಸತ್ತ. ವಿಮಾನ ಹೇಗೋ ಜಪಾನಿನ ಓಕಿನಾವದಲ್ಲಿ ಇಳಿಯಿತು. ಅಂದರೆ ಅಪಾಯ ಕಣ್ಣೆದುರಿಗಿದ್ದೂ ಹತ್ತೊಂಬತ್ತು ವರ್ಷ ಕೈಚೀಲದ ಬಾಟಲಿಗಳಿಗೆ ಮಿತಿ ಇರಲಿಲ್ಲ. ಆಮೇಲೆ ಒಂದೇ ವಾರದಲ್ಲಿ ಎಲ್ಲವೂ ನಿಷೇಧವಾಯಿತು.

ಯಂತ್ರಕ್ಕೆ ಕಾಣದ್ದು ಏನು?

ತಪಾಸಣೆಯಲ್ಲಿ ನಿಮ್ಮ ಬ್ಯಾಗು ಹಾದುಹೋಗುವ ಎಕ್ಸ್‌ರೇ ಯಂತ್ರದ ಪರದೆಯನ್ನು ಎಂದಾದರೂ ಗಮನಿಸಿದ್ದೀರಾ? ಲೋಹಗಳು ನೀಲಿ, ಬಟ್ಟೆ ಪುಸ್ತಕ ಆಹಾರ ಕಿತ್ತಳೆ, ನಡುವಿನವು ಹಸಿರು. ಈ ಬಣ್ಣಗಳು ವಸ್ತುವಿನ ನಿಜವಾದ ಬಣ್ಣಗಳಲ್ಲ. ಯಂತ್ರ ಎರಡು ಬೇರೆ ಬೇರೆ ಶಕ್ತಿಯ ಎಕ್ಸ್‌ಕಿರಣಗಳನ್ನು ಹಾಯಿಸಿ, ಪ್ರತಿಯೊಂದೂ ಎಷ್ಟೆಷ್ಟು ಹೀರಲ್ಪಟ್ಟಿತು ಎಂದು ಹೋಲಿಸಿ, ಇದು ಹಗುರ ಪರಮಾಣುಗಳ ವಸ್ತುವೋ ಭಾರದ ಪರಮಾಣುಗಳದ್ದೋ ಎಂದು ಅಂದಾಜಿಸಿ ಬಣ್ಣ ಹಚ್ಚುತ್ತದೆ. ಚಾಕು, ಪಿಸ್ತೂಲು ಹಿಡಿಯಲು ಇದು ಚೆನ್ನಾಗಿದೆ.

ದ್ರವದ ವಿಷಯದಲ್ಲಿ ಇದು ಸೋಲುತ್ತದೆ. ನೀರಿನಲ್ಲಿರುವುದು ಹೈಡ್ರೋಜನ್ ಮತ್ತು ಆಕ್ಸಿಜನ್. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಇರುವುದೂ ಅವೆರಡೇ, ಒಂದು ಆಕ್ಸಿಜನ್ ಹೆಚ್ಚು ಅಷ್ಟೇ. ಎಕ್ಸ್‌ರೇ ಕಣ್ಣಿಗೆ ಎರಡೂ ಒಂದೇ ಕಿತ್ತಳೆ. ಸಾಂದ್ರತೆಯಲ್ಲಿ ವ್ಯತ್ಯಾಸವಿದೆ: ನೀರು ಒಂದು ಮಿ.ಲೀ.ಗೆ ಒಂದು ಗ್ರಾಂ, ಶುದ್ಧ ಪೆರಾಕ್ಸೈಡ್ ಸುಮಾರು 1.45 ಗ್ರಾಂ. ಆದರೆ ಹಳೆಯ ಯಂತ್ರ ಕೊಡುವುದು ಒಂದೇ ದಿಕ್ಕಿನಿಂದ ಬಿದ್ದ ನೆರಳನ್ನು. ನೆರಳಿನಲ್ಲಿ ದಪ್ಪ ಮತ್ತು ಸಾಂದ್ರತೆ ಕಲಸಿಹೋಗುತ್ತವೆ. ಅಗಲ ಬಾಟಲಿಯಲ್ಲಿರುವ ಹಗುರ ದ್ರವ, ಸಣ್ಣ ಬಾಟಲಿಯಲ್ಲಿರುವ ಭಾರದ ದ್ರವ ಎರಡೂ ಒಂದೇ ಥರ ಕಾಣಬಹುದು. ಅದರ ಮೇಲೆ ಲ್ಯಾಪ್‌ಟಾಪ್, ಚಾರ್ಜರಿನ ನೆರಳು ಬಿದ್ದರೆ ಮುಗಿಯಿತು. ಲ್ಯಾಪ್‌ಟಾಪನ್ನು ಬೇರೆ ಟ್ರೇಯಲ್ಲಿ ಇಡಿ ಎನ್ನುವುದಕ್ಕೂ ಇದೂ ಒಂದು ಕಾರಣ.

ಹಾಗಾಗಿ ನಿಮ್ಮ ಬಾಟಲಿಯ ಮೇಲೆ ಯಾರಿಗೂ ಅನುಮಾನ ಇರುವುದಿಲ್ಲ. ಒಳಗೇನಿದೆ ಎಂದು ಸಾವಿರಾರು ಜನರ ಸಾಲಿನಲ್ಲಿ ಕೆಲವೇ ಸೆಕೆಂಡುಗಳಲ್ಲಿ ಹೇಳುವ ಸಾಧನ ಅಲ್ಲಿಲ್ಲ. ಒಳಗಿರುವುದನ್ನು ಗುರುತಿಸಲು ಆಗದಿದ್ದರೆ ಪ್ರಮಾಣವನ್ನಾದರೂ ಕಡಿಮೆ ಮಾಡೋಣ ಎಂಬ ಹೊಂದಾಣಿಕೆಯೇ ಈ ನಿಯಮ.

ಬಾಂಬ್ ಇರಬಹುದೆಂದು ಹೆದರಿ ತೆಗೆದ ಬಾಟಲಿಯನ್ನು ಜನರ ಸಾಲಿನ ಪಕ್ಕದ ಬುಟ್ಟಿಗೆ ಎಸೆಯುತ್ತಾರಲ್ಲ, ಅದು ಸಿಡಿಯುವುದಿಲ್ಲವೇ ಎಂಬ ಜಾಣ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಬುಟ್ಟಿಗೆ ಬಿದ್ದದ್ದು ಬಾಂಬ್ ಎಂದು ಯಾರೂ ಅಂದುಕೊಂಡಿಲ್ಲ. ಕಿಡಿ ಕೊಡುವ ವ್ಯವಸ್ಥೆಯಿಂದ ಬೇರ್ಪಟ್ಟು ನೆಲದ ಮೇಲಿರುವ ದ್ರವಕ್ಕೂ, ಹತ್ತು ಕಿಲೋಮೀಟರ್ ಎತ್ತರದಲ್ಲಿ ಒತ್ತಡ ತುಂಬಿದ ಲೋಹದ ಕೊಳವೆಯೊಳಗೆ ದುರುದ್ದೇಶದವನ ಕೈಯಲ್ಲಿರುವ ದ್ರವಕ್ಕೂ ಅಪಾಯದ ಲೆಕ್ಕ ಬೇರೆ.

100 ಎಂಬ ಸಂಖ್ಯೆಯಲ್ಲಿ ಮಾಂತ್ರಿಕತೆ ಇಲ್ಲ

101 ಮಿ.ಲೀ. ಅಪಾಯಕಾರಿ, 99 ಸುರಕ್ಷಿತ ಎಂದು ಯಾವ ರಸಾಯನಶಾಸ್ತ್ರವೂ ಹೇಳುವುದಿಲ್ಲ. ಸಣ್ಣ ಪ್ರಮಾಣದಿಂದ ವಿಮಾನವನ್ನೇ ಉರುಳಿಸುವುದು ಕಷ್ಟ, ಪ್ರಯಾಣಿಕರಿಗೆ ಕನಿಷ್ಠ ಹಲ್ಲುಜ್ಜಲು ಬಿಡಬೇಕು, ಸಿಬ್ಬಂದಿಗೆ ನೆನಪಿಡಲು ಸುಲಭವಾಗಬೇಕು. ಇಂಥ ಲೆಕ್ಕಗಳ ನಡುವೆ ಎಳೆದ ಗೆರೆ ಅದು. ಮೊದಲಿಗೆ ಅಮೆರಿಕದವರು ಮೂರು ಔನ್ಸ್ ಎಂದಿದ್ದರು. ಯುರೋಪು 100 ಮಿ.ಲೀ. ಎಂದ ಮೇಲೆ 3.4 ಔನ್ಸ್ ಮಾಡಿಕೊಂಡರು.

ಬಾಟಲಿಯಲ್ಲಿ ಎಷ್ಟು ಉಳಿದಿದೆ ಎನ್ನುವುದಕ್ಕಿಂತ ಬಾಟಲಿಯ ಮೇಲೆ ಎಷ್ಟು ಎಂದು ಬರೆದಿದೆ ಎನ್ನುವುದೇ ಲೆಕ್ಕಕ್ಕೆ ಬರುವುದೂ ಇದೇ ಕಾರಣಕ್ಕೆ. ಸಾಲಿನಲ್ಲಿ ನಿಂತು ಅಳೆಯಲು ಯಾರಿಗೂ ಪುರುಸೊತ್ತಿಲ್ಲ. ಅಂಕಿ ಓದುವುದು ಸುಲಭ. ಆದ್ದರಿಂದ ಅರ್ಧ ಖಾಲಿ ಟ್ಯೂಬಿಗೂ ಪ್ರವೇಶವಿಲ್ಲ.

ಐದು ಜನ ಸೇರಿ ಐದು ಚೀಲ ತಂದರೆ? ಹೌದು, ಅದು ನಿಯಮದ ದೌರ್ಬಲ್ಯ, ಟೀಕಾಕಾರರು ಮೊದಲಿನಿಂದ ಹೇಳುತ್ತಿರುವುದೂ ಅದನ್ನೇ. ಅಮೆರಿಕದ ಭದ್ರತಾ ತಜ್ಞ ಬ್ರೂಸ್ ಶ್ನೈಯರ್ ಇಂಥ ಕ್ರಮಗಳನ್ನು ಭದ್ರತೆಯ ನಾಟಕ ಎಂದು ಕರೆಯುತ್ತಾರೆ. ನಿಜವಾದ ರಕ್ಷಣೆಗಿಂತ ರಕ್ಷಣೆಯ ಭಾವನೆಯನ್ನು ಹೆಚ್ಚಿಸುವಂಥವು ಎಂಬ ಅರ್ಥದಲ್ಲಿ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ 12 ಔನ್ಸಿನ, ಅಂದರೆ ಸುಮಾರು 355 ಮಿ.ಲೀ.ನ ಸ್ಯಾನಿಟೈಸರ್ ಬಾಟಲಿಗೆ ಕೈಚೀಲದಲ್ಲಿ ಅನುಮತಿ ಕೊಟ್ಟಿತು. ಅದು ಪ್ರತ್ಯೇಕ ತಪಾಸಣೆಯ ಷರತ್ತಿನ ಮೇಲೆ ಕೊಟ್ಟ ವಿನಾಯಿತಿ. ಆದರೂ ಗೆರೆಯನ್ನು ಬೇಕಾದಾಗ ಸರಿಸಬಹುದು ಎಂದು ಎಲ್ಲರಿಗೂ ಗೊತ್ತಾಗಿಹೋಯಿತು. ಆಸ್ಟ್ರೇಲಿಯಾದಲ್ಲಿ ದೇಶದೊಳಗಿನ ಹಾರಾಟಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ. ನಮ್ಮಲ್ಲೂ ಬೆಂಗಳೂರಿನಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುವವರು ನೀರಿನ ಬಾಟಲಿ ಹಿಡಿದು ಒಳಹೋಗುವುದು ಸಾಮಾನ್ಯ ದೃಶ್ಯ. ವಿಮಾನವೂ ಅದೇ, ನೀರೂ ಅದೇ. ಬದಲಾಗುವುದು ಅಪಾಯದ ಅಂದಾಜು ಮಾತ್ರ.

ನಾಟಕ ಎನ್ನುವ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದೇ ನನಗನಿಸುತ್ತದೆ. ಆದರೆ 2006ರ ಸಂಚಿಗೆ ಬೇಕಿದ್ದದ್ದು ದೊಡ್ಡ ಬಾಟಲಿಗಳು, ಮತ್ತು ಆ ದಾರಿಯನ್ನು ನಿಯಮ ಕಷ್ಟವಾಗಿಸಿತು ಎನ್ನುವುದೂ ಸುಳ್ಳಲ್ಲ. ನನ್ನ ತಕರಾರು ಬೇರೆ. ನಿಲ್ದಾಣಗಳ ಫಲಕಗಳಲ್ಲಿ ಏನು ತರಬಾರದು ಎಂಬ ಚಿತ್ರಗಳಿವೆ, ಯಾಕೆ ಎಂಬ ಒಂದು ಸಾಲೂ ಇಲ್ಲ. ಇಂಗ್ಲಿಷ್ ಬಲ್ಲ, ವರ್ಷಕ್ಕೆ ಹತ್ತು ಬಾರಿ ಹಾರುವವರು ಪುಟ್ಟ ಬಾಟಲಿ ಕೊಂಡು ಸುಮ್ಮನಾಗುತ್ತಾರೆ. ಡಬ್ಬಿ ಕಳೆದುಕೊಳ್ಳುವುದು ಮೊದಲ ಬಾರಿ ಹೊರಟವರು, ವಯಸ್ಸಾದವರು. ಕಾರಣ ಹೇಳದ ನಿಯಮ ಅವರಿಗೆ ದರ್ಪದಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ತುಪ್ಪ ದ್ರವವೇ?

ಶಾಲೆಯಲ್ಲಿ ಕಲಿತ ವ್ಯಾಖ್ಯೆ ಇಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ನಿಯಮದ ಪೂರ್ತಿ ಹೆಸರೇ ದ್ರವ, ಏರೋಸಾಲ್ ಮತ್ತು ಜೆಲ್. ಸುರಿಯಬಹುದಾದದ್ದು, ಸವರಬಹುದಾದದ್ದು, ಹಿಂಡಬಹುದಾದದ್ದು, ಸಿಂಪಡಿಸಬಹುದಾದದ್ದು ಎಲ್ಲವೂ ಸೇರುತ್ತದೆ. ಟೂತ್‌ಪೇಸ್ಟ್, ಜಾಮ್, ಜೇನುತುಪ್ಪ, ಮೊಸರು, ಗೊಜ್ಜು, ಚಟ್ನಿ, ಎಣ್ಣೆ ತೇಲುವ ಮಿಡಿ ಉಪ್ಪಿನಕಾಯಿ, ತುಪ್ಪ. ಅಮೆರಿಕದಲ್ಲಿ ಕಡಲೆಕಾಯಿ ಬೆಣ್ಣೆ ದ್ರವ ಎಂದು 2023ರಲ್ಲಿ ಅಲ್ಲಿನ ಭದ್ರತಾ ಸಂಸ್ಥೆ ಸಾಮಾಜಿಕ ಜಾಲತಾಣದಲ್ಲಿ ಹೇಳಿದಾಗ ಜನ ನಕ್ಕರು. ಯಂತ್ರದ ದೃಷ್ಟಿಯಿಂದ ನೋಡಿದರೆ ಅದು ತಮಾಷೆಯೇನಲ್ಲ. ಪಾತ್ರೆಯ ಆಕಾರಕ್ಕೆ ಹೊಂದಿಕೊಳ್ಳುವ, ಏಕರೂಪದ, ಹಗುರ ಪರಮಾಣುಗಳ ಮುದ್ದೆ ಎಂದರೆ ಪರದೆಯ ಮೇಲೆ ಅದೇ ಕಿತ್ತಳೆ ಕಲೆ. ಕೆಲವು ಸ್ಫೋಟಕಗಳೂ ಹಿಟ್ಟಿನ ಮುದ್ದೆಯ ಹಾಗೆಯೇ ಇರುತ್ತವೆ.

ಅಮೆರಿಕದಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿದ ಮಂಜುಗಡ್ಡೆಗೆ ಅನುಮತಿ ಇದೆ, ತಪಾಸಣೆಯ ಹೊತ್ತಿಗೆ ತಳದಲ್ಲಿ ನೀರಾಡಿದರೆ ಇಲ್ಲ.

ಪುಡಿಗಳ ವಿಷಯ ಗೊತ್ತಿಲ್ಲದೆ ನಮ್ಮವರು ಹೆಚ್ಚು ತೊಂದರೆಗೆ ಸಿಕ್ಕುತ್ತಾರೆ. 2018ರ ಜೂನ್ 30ರಿಂದ ಅಮೆರಿಕಕ್ಕೆ ಹೋಗುವ ವಿಮಾನಗಳ ಕೈಚೀಲದಲ್ಲಿ 350 ಮಿ.ಲೀ.ಗಿಂತ ಹೆಚ್ಚು, ಅಂದರೆ ತಂಪು ಪಾನೀಯದ ಒಂದು ಕ್ಯಾನಿನಷ್ಟಕ್ಕಿಂತ ಹೆಚ್ಚು ಪುಡಿ ಇದ್ದರೆ ಹೆಚ್ಚುವರಿ ತಪಾಸಣೆಯಾಗಬಹುದು. ಅನುಮಾನ ಪರಿಹಾರವಾಗದಿದ್ದರೆ ಒಯ್ಯಲು ಬಿಡುವುದಿಲ್ಲ. ಸಾರಿನ ಪುಡಿ, ಚಟ್ನಿಪುಡಿ, ರಾಗಿ ಹಿಟ್ಟನ್ನು ಚೆಕ್-ಇನ್ ಸಾಮಾನಿನಲ್ಲಿಡುವುದೇ ಒಳ್ಳೆಯದು.

ತುಪ್ಪದ ಮಾತು ಬಂದಾಗ ನೆನಪಾಗುವುದು ಶಬರಿಮಲೆಯ ಇರುಮುಡಿ. ತೆಂಗಿನಕಾಯಿಯ ನೀರು ತೆಗೆದು ತುಪ್ಪ ತುಂಬಿ ಮುಚ್ಚಿದ ಕಾಯಿ ಅದರಲ್ಲಿರುತ್ತದೆ. ಭಾರತದ ನಿಯಮದಲ್ಲಿ ಕೈಚೀಲದಲ್ಲಿ ತೆಂಗಿನಕಾಯಿ ಒಯ್ಯುವಂತಿಲ್ಲ. ಆದರೆ ಇರುಮುಡಿಯನ್ನು ಸಾಮಾನಿನ ರಾಶಿಗೆ ಎಸೆಯಲು ಮಾಲೆ ಹಾಕಿದವರಿಗೆ ಮನಸ್ಸು ಬರುವುದಿಲ್ಲ. 2022ರ ಯಾತ್ರೆಯ ಕಾಲದಲ್ಲೂ ಮತ್ತೆ 2024ರಲ್ಲೂ ಭದ್ರತಾ ಬ್ಯೂರೋ ಯಾತ್ರಿಕರಿಗೆ ವಿನಾಯಿತಿ ಕೊಟ್ಟಿತು. ಎರಡೂ ಸಲ ಮುಂದಿನ ಜನವರಿ 20ರವರೆಗೆ ಅವಧಿ. ಎಕ್ಸ್‌ರೇ, ಸ್ಫೋಟಕದ ಕಣ ಪತ್ತೆ ಮಾಡುವ ಯಂತ್ರ, ಕೈಯಿಂದ ಪರೀಕ್ಷೆ ಮೂರೂ ಆದ ಮೇಲೆ ಕಾಯಿ ಒಳಗೆ ಹೋಗಬಹುದು. ಒಂದೊಂದನ್ನೂ ನಿಂತು ಪರೀಕ್ಷಿಸಲು ಸಮಯ ಕೊಟ್ಟರೆ ನಿಷೇಧ ಬೇಕಾಗುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಬಾಟಲಿಯೊಳಗೆ ಇಣುಕುವ ಬೆಳಕು

ಔಷಧ, ಮಗುವಿನ ಆಹಾರ, ಎದೆಹಾಲಿಗೆ 100 ಮಿ.ಲೀ. ಮಿತಿಯಿಂದ ವಿನಾಯಿತಿ ಇದೆ. ಹಾಗಾದರೆ ಅವನ್ನು ಪರೀಕ್ಷಿಸುವುದು ಹೇಗೆ? ಇನ್‌ಫೆಕ್ಷನ್ ಆಗಬಾರದ ಔಷಧದ ಸೀಲ್ ಒಡೆಯುವಂತಿಲ್ಲ. ತಾಯಿಗೆ ಕುಡಿದು ತೋರಿಸು ಎನ್ನುವುದು ಯಾವ ಪರೀಕ್ಷೆ?

ಇಲ್ಲಿ ಸಹಾಯಕ್ಕೆ ಬಂದದ್ದು ಸಿ.ವಿ. ರಾಮನ್ 1928ರಲ್ಲಿ ಕಲ್ಕತ್ತದಲ್ಲಿ ಕಂಡುಹಿಡಿದ ಪರಿಣಾಮ. ಮುಂದೆ ಅವರು ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದು, 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದ್ದು ನಮಗೆಲ್ಲ ಗೊತ್ತು. ಒಂದು ವಸ್ತುವಿನ ಮೇಲೆ ಒಂದೇ ಬಣ್ಣದ ಬೆಳಕು ಬಿಟ್ಟರೆ ಚದುರಿ ಬರುವ ಬೆಳಕಿನಲ್ಲಿ ತೀರಾ ಸಣ್ಣ ಪಾಲು ಬಣ್ಣ ಬದಲಿಸಿಕೊಂಡಿರುತ್ತದೆ. ಎಷ್ಟು ಬದಲಾಯಿತು ಎನ್ನುವುದು ಆ ವಸ್ತುವಿನ ಅಣುಗಳ ಕಂಪನವನ್ನು ಅವಲಂಬಿಸಿರುತ್ತದೆ. ನೀರಿನ ಸಹಿ ಬೇರೆ, ಪೆರಾಕ್ಸೈಡಿನ ಸಹಿ ಬೇರೆ. ಎಕ್ಸ್‌ರೇಗೆ ಗೊತ್ತಾಗದ ವ್ಯತ್ಯಾಸ ಲೇಸರಿಗೆ ಗೊತ್ತಾಗುತ್ತದೆ.

ತೊಡಕೆಂದರೆ ಬಾಟಲಿಯ ಪ್ಲಾಸ್ಟಿಕ್ಕೇ ತನ್ನ ಸಹಿಯನ್ನು ಮೇಲೆ ಬರೆದುಬಿಡುತ್ತದೆ. ಬ್ರಿಟನ್ನಿನ ರದರ್‌ಫರ್ಡ್ ಆಪಲ್‌ಟನ್ ಪ್ರಯೋಗಾಲಯದಲ್ಲಿ ಪಾವೆಲ್ ಮಟೌಸೆಕ್ ಮತ್ತು ಸಂಗಡಿಗರು ಇದಕ್ಕೆ ಸರಳ ಉಪಾಯ ಕಂಡುಕೊಂಡರು. ಲೇಸರ್ ಬಿದ್ದ ಜಾಗದಿಂದ ಸ್ವಲ್ಪ ಪಕ್ಕಕ್ಕೆ ಸರಿದು ಬೆಳಕನ್ನು ಹಿಡಿದರೆ ಅದು ಹೆಚ್ಚಾಗಿ ಒಳಗಿನ ಆಳದಿಂದ ಬಂದ ಬೆಳಕಾಗಿರುತ್ತದೆ. ಎರಡನ್ನೂ ಹೋಲಿಸಿ ಬಾಟಲಿಯ ಸಹಿಯನ್ನು ಕಳೆದರೆ ಉಳಿಯುವುದು ದ್ರವದ ಸಹಿ. ಈ ತತ್ವದ ಬಾಟಲಿ ಪರೀಕ್ಷಕಕ್ಕೆ 2014ರಲ್ಲಿ ಬ್ರಿಟನ್ನಿನ ಎಂಜಿನಿಯರಿಂಗ್ ಕ್ಷೇತ್ರದ ಪ್ರತಿಷ್ಠಿತ ಮ್ಯಾಕ್‌ರಾಬರ್ಟ್ ಪ್ರಶಸ್ತಿ ಬಂತು. ಅದೇ ವರ್ಷದ ಜನವರಿ 31ರಿಂದ ಯುರೋಪಿನ ನಿಲ್ದಾಣಗಳು ಔಷಧ, ಶಿಶು ಆಹಾರ, ಡ್ಯೂಟಿ ಫ್ರೀ ಬಾಟಲಿಗಳನ್ನು ಇಂಥ ಸಾಧನಗಳಿಂದ ಪರೀಕ್ಷಿಸತೊಡಗಿದವು. ಒಂದು ಬಾಟಲಿಗೆ ಕೆಲವು ಸೆಕೆಂಡು ಸಾಕು. ಆದರೆ ಒಂದೊಂದಾಗಿ ಇಡಬೇಕು. ಎಲ್ಲರ ಎಲ್ಲ ಬಾಟಲಿಗಳಿಗೆ ಇದು ನಡೆಯದು.

ನಿಯಮ ಹೋಗುತ್ತಿದೆಯೇ?

ಎಲ್ಲರಿಗೂ ಪರಿಹಾರ ಬರುತ್ತಿರುವುದು ಆಸ್ಪತ್ರೆಯಿಂದ. ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಸ್ಕ್ಯಾನರ್ 1971ರಲ್ಲಿ ಮೊದಲ ರೋಗಿಯ ಮಿದುಳನ್ನು ನೋಡಿತ್ತು. ಈಗ ಅದೇ ತಂತ್ರ ಕೈಚೀಲಗಳನ್ನು ಸುತ್ತಲಿಂದ ನೋಡುತ್ತಿದೆ. ನೂರಾರು ಕೋನಗಳ ನೆರಳು ಸೇರಿಸಿ ಮೂರು ಆಯಾಮದ ಚಿತ್ರ ಕಟ್ಟಿದಾಗ ದಪ್ಪ ಎಷ್ಟು, ಸಾಂದ್ರತೆ ಎಷ್ಟು ಎಂದು ಬೇರೆ ಬೇರೆಯಾಗಿ ಗೊತ್ತಾಗುತ್ತದೆ. ಲ್ಯಾಪ್‌ಟಾಪ್ ಹೊರತೆಗೆಯುವುದೂ ಬೇಡ. ಆದರೆ ಯಂತ್ರ ದುಬಾರಿ, ಭಾರವೂ ಹೆಚ್ಚು, ಕೆಲವೆಡೆ ನೆಲವನ್ನೇ ಬಲಪಡಿಸಬೇಕಾಗುತ್ತದೆ.

ಯುರೋಪು 2013ರ ಏಪ್ರಿಲ್ ಹೊತ್ತಿಗೇ ಮಿತಿ ತೆಗೆಯುವ ಯೋಚನೆಯಲ್ಲಿತ್ತು, ಆಗಲಿಲ್ಲ. ಬ್ರಿಟನ್ 2024ರ ಜೂನ್ ಗಡುವು ಹಾಕಿಕೊಂಡಿತ್ತು, ದೊಡ್ಡ ನಿಲ್ದಾಣಗಳು ತಪ್ಪಿಸಿಕೊಂಡವು. ಹೊಸ ಯಂತ್ರ ಹಾಕಿ 2 ಲೀಟರಿನವರೆಗೆ ಬಿಡುತ್ತಿದ್ದ ಸಣ್ಣ ನಿಲ್ದಾಣಗಳಲ್ಲೂ ಆ ಜೂನ್‌ನಲ್ಲಿ 100 ಮಿ.ಲೀ. ಮಿತಿ ಮರಳಿತು. 2024ರ ಸೆಪ್ಟೆಂಬರ್ 1ರಿಂದ ಯುರೋಪಿಯನ್ ಒಕ್ಕೂಟವೂ ತಾಂತ್ರಿಕ ಕಾರಣ ಕೊಟ್ಟು ಹಾಗೆಯೇ ಮಾಡಿತು. 2025ರ ಜುಲೈನಲ್ಲಿ ಮತ್ತೆ ಸಡಿಲ: ಎಡಿನ್‌ಬರ್ಗ್, ಬರ್ಮಿಂಗ್‌ಹ್ಯಾಮ್‌ಗಳಲ್ಲಿ 2 ಲೀಟರಿನ ಬಾಟಲಿಗೂ ಅವಕಾಶ ಬಂತು. ಇದನ್ನೆಲ್ಲ ಓದಿ "ರೂಲ್ ತೆಗೆದಿದ್ದಾರಂತೆ" ಎಂಬ ವಾಟ್ಸಪ್ ಸಂದೇಶ ನಂಬಿ ಹೊರಟರೆ ಕೆಟ್ಟಿರಿ. ನೀವು ಹೊರಡುವ ನಿಲ್ದಾಣದಲ್ಲಿ ಹೊಸ ಯಂತ್ರವಿದ್ದು, ವಾಪಸು ಬರುವ ಅಥವಾ ನಡುವೆ ಇಳಿದು ಹತ್ತುವ ನಿಲ್ದಾಣದಲ್ಲಿ ಹಳೆಯದಿದ್ದರೆ ಬಾಟಲಿ ಅಲ್ಲಿ ಹೋಗುತ್ತದೆ.

ಡ್ಯೂಟಿ ಫ್ರೀಯಲ್ಲಿ ಕೊಂಡದ್ದಕ್ಕೂ ಇದೇ ಅಪಾಯ. ಅಂಗಡಿಯವರು ಕೊಡುವ ಕೆಂಪು ಅಂಚಿನ ಸೀಲ್ ಮಾಡಿದ ಚೀಲವನ್ನು ಕೊನೆಯ ನಿಲ್ದಾಣದವರೆಗೆ ಒಡೆಯಬೇಡಿ, ರಸೀದಿ ಒಳಗೇ ಇರಲಿ. ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲೇ ಸಾಮಾನ್ಯವಾಗಿ ಸೂಟ್‌ಕೇಸ್ ಎತ್ತಿಕೊಂಡು ಮತ್ತೆ ಕೊಡಬೇಕಾಗುತ್ತದೆ. ಮುಂದೆ ಇನ್ನೊಂದು ವಿಮಾನವಿದ್ದರೆ ಆ ಹೊತ್ತಿಗೆ ಬಾಟಲಿಯನ್ನು ಅದರೊಳಗೆ ಸೇರಿಸಿಬಿಡಿ. ಇನ್ಸುಲಿನ್ ಬಳಸುವವರು ಮಾತ್ರ ಅದನ್ನು ಎಂದೂ ಚೆಕ್-ಇನ್ ಸೂಟ್‌ಕೇಸಿಗೆ ಹಾಕಬೇಡಿ. ಸೂಟ್‌ಕೇಸ್ ತಪ್ಪಿಹೋಗಬಹುದು, ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ. ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲಿಟ್ಟು, ಕೇಳುವ ಮೊದಲೇ ಸಿಬ್ಬಂದಿಗೆ ತೋರಿಸಿ. ಖಾಲಿ ನೀರಿನ ಬಾಟಲಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ತಪಾಸಣೆ ಮುಗಿದ ಮೇಲೆ ಒಳಗಿನ ಕುಡಿಯುವ ನೀರಿನ ನಲ್ಲಿಯಲ್ಲಿ ತುಂಬಿಕೊಳ್ಳಬಹುದು.

ಚಿಕ್ಕಮ್ಮ ಈ ಡಿಸೆಂಬರಿನಲ್ಲಿ ಮತ್ತೆ ದುಬೈಗೆ ಹೋಗುತ್ತಿದ್ದಾರೆ. ತುಪ್ಪ ಈ ಸಲ ಸ್ಕ್ರೂ ಮುಚ್ಚಳದ ಡಬ್ಬಿಯಲ್ಲಿ, ಎರಡು ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಹಳೆಯ ಸೀರೆಯ ಮಡಿಕೆಯೊಳಗೆ ದೊಡ್ಡ ಸೂಟ್‌ಕೇಸಿನಲ್ಲಿ ಹೋಗಲಿದೆ. ಯುರೋಪಿಗೆ ಹೊರಟಿದ್ದರೆ ಅದಕ್ಕೂ ದಾರಿಯಿರಲಿಲ್ಲ, ಹೊರದೇಶದ ಹಾಲಿನ ಉತ್ಪನ್ನಗಳನ್ನು ಪ್ರಯಾಣಿಕರು ತರುವುದಕ್ಕೆ ಅಲ್ಲಿ ನಿಷೇಧವಿದೆ. ಅದು ಸ್ಫೋಟಕದ ಭಯದಿಂದಲ್ಲ, ಜಾನುವಾರು ರೋಗಗಳ ಭಯದಿಂದ.